ಆಸ್ತೇರ್ ಎಂತ ತಿಂತಾಳೆ?

ಎಂಬತ್ತೇಳರ ಚಳಿಗಾಲ. ಸೌದಿ ಅರೇಬಿಯಾದ ಅಭಾ ಊರಿನಲ್ಲಿ ಆಸ್ಪತ್ರೆಯ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದ ಬೆಂಚಿನಲ್ಲಿ ನಮ್ಮ ಕರಾವಳಿಯ ಇಬ್ಬರು ನರ್ಸುಗಳು. ಕನ್ನಡ ಕಿವಿಗೆ ಬಿದ್ದ ಮೇಲೆ ಕೇಳದಿರುವುದು ಹೇಗೆ?

"ವಾರಿಜಕ್ಕ, ನಮ್ಮ ವಾರ್ಡು ಗುಡಿಸುವ ಆಸ್ತೇರ್ ಇದ್ದಾಳಲ್ಲ, ಅವಳ ತಮ್ಮ ಕೆನಡಾ ಮುಟ್ಟಿದನಂತೆ."

"ಎರಿಟ್ರಿಯಾದ ಯುದ್ಧಕ್ಕೆ ಹೆದರಿ ಓಡಿಹೋದವನಾ? ಅಲ್ಲಿ ಅವನಿಗೆ ಯಾರಿದ್ದಾರೆ ಮಾರಾಯ್ತಿ?"

ಚಿಕ್ಕವಳು ದನಿ ತಗ್ಗಿಸಿದಳು. "ಯಹೂದಿಗಳಂತೆ. ಒಂದು ಪ್ರಾರ್ಥನಾ ಮಂದಿರದವರೆಲ್ಲ ಸೇರಿ ಕರೆಸಿಕೊಂಡದ್ದು."

"ಅವರ ಧರ್ಮಕ್ಕೆ ಸೇರಿಸ್ಲಿಕ್ಕಾ?"

"ಇಲ್ಲಪ್ಪ. ಪ್ರಾರ್ಥನೆಗೆ ಬಾ ಅಂತ ಒಂದು ಸಲವೂ ಹೇಳ್ಲಿಲ್ಲವಂತೆ. ಮನೆ ಹುಡುಕಿಕೊಟ್ಟರು, ಜೊತೆಗೆ ಕೂತು ಬಸ್ಸಿನ ದಾರಿ ತೋರಿಸಿದರು. ಅವ ಎಂತ ತಿಂತಾನೆ ಅಂತ ಮೊದಲೇ ವಿಚಾರಿಸಿ, ಅವನ ಊರಿನ ಹಿಟ್ಟೇ ತಂದು ಅಡಿಗೆಕೋಣೆಯಲ್ಲಿ ಇಟ್ಟಿದ್ದರಂತೆ. ಹೇಳ್ತಾ ಹೇಳ್ತಾ ಆಸ್ತೇರ್ ಅತ್ತುಬಿಟ್ಟಳು."

"ಅವಳೂ ನಿಮ್ಮ ಹಾಗೆ ಕ್ರೈಸ್ತಳೇ ಅಲ್ವಾ? ನಿಮ್ಮ ಶುಕ್ರವಾರದ ಜಪಕ್ಕೆ ಬರ್ತಾಳಾ?"

"ಬರ್ತೇನೆ ಅಂದಿದ್ದಳು. ನಾವೇ ಬೇಡ ಅಂದೆವು. ಈ ದೇಶದಲ್ಲಿ ನಮ್ಮ ಜಪ ಗೊತ್ತಾದರೆ ಪೊಲೀಸರು ಹಿಡೀತಾರಲ್ಲ, ಬಾಗಿಲು ಹಾಕಿ, ಬರ್ತ್‌ಡೇ ಅಂತ ನೆಪಕ್ಕೆ ಕೇಕ್ ಇಟ್ಟು ಮಾಡುವ ಜಪ ಅದು. ಹೊರಗಿನವರು ಬಂದರೆ ಹೆದರಿಕೆ ಆಗ್ತದೆ ಅಕ್ಕ."

"ಜಪಕ್ಕೆ ಹೆದರಿಕೆ ಸರಿ. ಊಟಕ್ಕೆ ಕರೀಲಿಕ್ಕೆ ಎಂತ ಹೆದರಿಕೆ?"

ಚಿಕ್ಕವಳು ಆಸ್ಪತ್ರೆಯತ್ತ ತಿರುಗಿ ನೋಡಿದಳು.

"ಅವಳು ಎಂತ ತಿಂತಾಳೆ ಅಂತಲೇ ನನಗೆ ಗೊತ್ತಿಲ್ಲ, ವಾರಿಜಕ್ಕ. ದಿನಾ ನೋಡ್ತೇನೆ. ಕೇಳ್ಲೇ ಇಲ್ಲ."

ಬಸ್ಸು ಬಂತು.

"ಯಲ್ಲಾ, ಹೊರಡುವ, ಪೆಟ್ರೊನಿಲ್ಲಾ, ಏಳು."

"ನೀವು ಹೋಗಿ ಅಕ್ಕ. ಆಸ್ತೇರ್ ಇನ್ನೂ ವಾರ್ಡಿನಲ್ಲೇ ಇದ್ದಾಳೆ."

ನಾನು ಬಸ್ಸು ಹತ್ತಿ ಕಿಟಕಿಯಿಂದ ನೋಡಿದೆ. ಪೆಟ್ರೊನಿಲ್ಲಾ ಆಸ್ಪತ್ರೆಯ ಬಾಗಿಲಿನತ್ತ ಓಡುತ್ತಿದ್ದಳು.