ತೊಟ್ಟಿಲು ಕಾರಿಗೆ ಹೊಸ ಸ್ಪ್ರಿಂಗು

...ನೀನೇ ಅಂದಿದ್ದು, ಅಣ್ಣ. ಬೇರೆ ಯಾರೂ ಅಲ್ಲ. "ಕಾರಿನ ಸೀಟಿಗೆ ಬಟ್ಟೆ ಹೊಲಿಯೋಳು ನೀನು, ಚೌಕಟ್ಟು ಅದರ ಬೆನ್ನುಮೂಳೆ, ಅದಕ್ಕೆ ಕೈ ಹಾಕಬೇಡ, ನಿನ್ನ ಕೈಲಾಗಲ್ಲ" ಅಂತ. ಅಪ್ಪ ಹೋದ ಮೇಲೆ ಅವರ ಈ ಕಾರನ್ನ ಗುಜರಿಗೆ ಹಾಕೋಣ ಅಂದವನೂ ನೀನೇ. ಈಗ ಪಕ್ಕದ ಸೀಟಲ್ಲಿ ಜಮಾಯಿಸಿ ಕೂತಿದ್ದೀಯ. ಮಾತಾಡು ನೋಡೋಣ. ಅಗೋ, ಶುರುವಾಯ್ತು. ಏನು? "ನಾಲ್ಕು ಕಡೆ ಬೆಸುಗೆ ಹಾಕಿದ ಮಾತ್ರಕ್ಕೆ..." ಹೇಳು, ಪೂರ್ತಿ ಹೇಳು...

...

ಹಾಂ. ರಸ್ತೆ ಉಬ್ಬು ದಾಟ್ತು. ಏನೋ ಹೇಳ್ತಿದ್ದೆಯಲ್ಲ? ಯಾಕೆ, ಅಷ್ಟಕ್ಕೇ ಮುಗೀತಾ?

ಬಿಡು, ನಾನೇ ಹೇಳ್ತೀನಿ. ಒಂದು ಮೂಲೆಗೆ ಜಾಕ್ ಕೊಟ್ಟು ಎತ್ತಿದ್ರೆ ಇದರ ಬಾಗಿಲು ಮುಚ್ತಾನೇ ಇರಲಿಲ್ಲ, ನೆನಪಿದೆಯಾ? ಒದ್ದೆ ರಟ್ಟಿನ ಡಬ್ಬದ ಥರ ಮೈ ತಿರುಚಿಕೊಳ್ತಿತ್ತು. ಅಪ್ಪ ಸ್ಟೀರಿಂಗ್ ತಿರುಗಿಸಿದ್ರೆ ಕಾರು ಸ್ವಲ್ಪ ಯೋಚನೆ ಮಾಡಿ ಆಮೇಲೆ ತಿರುಗೋದು. ಹಿಂದೆ ಕೂತ ನಾವಿಬ್ಬರೂ ಒಬ್ಬರ ಮೇಲೊಬ್ಬರು ವಾಂತಿ. ತೊಟ್ಟಿಲು ಅಂತ ಹೆಸರಿಟ್ಟವನು ನೀನು ತಾನೇ?

ಈಗ ನೋಡು. ಬಾಗಿಲ ಕೆಳಗೆ ಎರಡೂ ಪಕ್ಕ ಉದ್ದಕ್ಕೂ ಚೌಕದ ಉಕ್ಕಿನ ಕೊಳವೆ ಬೆಸೆದಿದ್ದೀನಿ. ಯಾವ ಮೂಲೆ ಎತ್ತಿದ್ರೂ ಬಾಗಿಲು ಟಪ್ ಅಂತ ಮುಚ್ಚುತ್ತೆ. ಯಾರು ಹೇಳಿಕೊಟ್ರು ಅನ್ನೋ ಹಾಗೆ ನೋಡಬೇಡ. ಹಳೇ ಪುಸ್ತಕದಂಗಡೀಲಿ ಸಿಕ್ಕ ಕಾರು ರಿಪೇರಿ ಪುಸ್ತಕ. ಹೊಲಿಗೆ ಮಷೀನಿಗೆ ಒರಗಿಸಿಕೊಂಡು ಓದಿದ್ದು. ಅರ್ಥವಾಗದ ಪದಕ್ಕೆಲ್ಲ ನಿಘಂಟು ತಿರುವಿ ಹಾಕಿ... ತಡಿ.

...

ಹಾಂ, ಇನ್ನೊಂದು ಉಬ್ಬು.

ಕಣ್ಣಲ್ಲಿ ನೀರು ಯಾಕಣ್ಣ? ಅಪ್ಪ ನೆನಪಾದರಾ? ಆಗಲಿ, ಅಳು. ನಾನೂ ಬೆಸುಗೆ ಹಾಕುವಾಗ ಅತ್ತಿದ್ದೀನಿ. ಹೊಗೆಗೆ ಅಂತ ಹೇಳ್ಕೊಂಡೆ.

ಆದರೆ ಮಾತು ಮಾತೇ. ಮಾರ್ಕೆಟ್ ಸುತ್ತಿ ಬರೋ ತನಕ ಕಾರು ಓಲಾಡದಿದ್ರೆ, ನಾಡಿದ್ದು ನಿನ್ನ ಮಗಳು ಮದುವೆಗೆ ಇದರಲ್ಲೇ ಹೋಗ್ತಾಳೆ ಅಂದಿದ್ದೀಯ. ಹುಟ್ಟಿದಾಗ ಆಸ್ಪತ್ರೆಯಿಂದ ಬಂದದ್ದೂ ಇದರಲ್ಲೇ, ಅವಳು. "ಅತ್ತೆ, ನೀನೇ ಓಡಿಸಬೇಕು" ಅಂತ ಅವಳಾಗೇ ಕೇಳಿದಾಳೆ. ನನಗೆ ಇನ್ನೇನೂ ಬೇಡ. ಅವತ್ತು ಈ ಸೀಟಲ್ಲಿ ನಾನಿರಬೇಕು, ಅಷ್ಟೆ.

ಕೆಳಗೆ ಯಾಕೆ ಬೆರಳು ತೋರಿಸ್ತೀಯ? ಸ್ಪ್ರಿಂಗಾ? ಅದೂ ಹೊಸದೇ. ಅಂದ್ರೆ... ನಮ್ಮ ಕಾರಿಗೆ ಹೊಸದು. ಚೌಕಟ್ಟು ಗಟ್ಟಿಯಾದ ಮೇಲೆ ಸ್ಪ್ರಿಂಗು ಮೆತ್ತಗಿರಬೇಕು ಅಂತ ಪುಸ್ತಕದಲ್ಲಿ ಬರೆದಿತ್ತು. ನನಗೆ ಆ ಪುಟ ಹಿಡಿಸಲಿಲ್ಲ. ಒಂದು ಕಡೆ ಗಟ್ಟಿ, ಇನ್ನೊಂದು ಕಡೆ ಮೆತ್ತಗೆ, ಅದೆಂಥ... ತಡಿ, ತಡಿ.

...

ಹಾಂ. ಬಂತು ಮನೆ. ಓಲಾಡ್ತಾ? ಒಂದು ಕೂದಲೆಳೆಯಷ್ಟಾದ್ರೂ? ಇಲ್ಲ ತಾನೇ? ಹಾಗಿದ್ರೆ ಬಾಯಿಬಿಟ್ಟು ಹೂಂ ಅನ್ನು. ಹುಟ್ಟಿದಾಗಿನಿಂದ ಬಾಯಿ ಮುಚ್ಚದವನು ಇವತ್ತೇನು ಮೌನವ್ರತ?

ಆ ಕರವಸ್ತ್ರ ಯಾಕೆ ಕೆಂಪಗಿದೆ?

ಬಾಯಿ ತೆಗಿ. ತೆಗಿ ಅಂದೆ. ...ಅಯ್ಯೋ. ಮೊದಲನೇ ಉಬ್ಬಿನಲ್ಲೇ ಆಯ್ತಾ? ಮಾತಾಡಬೇಡ, ಕೈಯಲ್ಲಿ ಹೇಳು. ಒಂದು. ಹೂಂ. ಸುತ್ತು ಪೂರ್ತಿ ನಾಲಿಗೆ ಕಚ್ಚಿಕೊಂಡೇ ಕೂತಿದ್ದೆಯಾ?

ಹಾಗೆ ದುರುಗುಟ್ಟಿ ನೋಡಬೇಡ. ಗೊತ್ತು ಏನು ಕೇಳ್ತಿದ್ದೀಯ ಅಂತ. ಪ್ರತಿ ಉಬ್ಬಿಗೂ ನಾನ್ಯಾಕೆ ಬಾಯಿ ಮುಚ್ಚಿದೆ ಅಂತ. ಸರಿ... ಇಲ್ಲಿ ನೋಡು, ಹಿಂದಿನ ದವಡೆ. ಖಾಲಿ. ಹೋದ ವಾರ ಅದೇ ಉಬ್ಬಿನ ಮೇಲೆ ಅಲ್ಲಿದ್ದ ಒಂದು ಹಲ್ಲು ಸೀಳಿಹೋಯ್ತು, ಕೀಳಿಸಿದೆ. ಸಾಮಾನು ಸಾಗಿಸೋ ವ್ಯಾನಿನ ಗಟ್ಟಿ ಸ್ಪ್ರಿಂಗ್ ಹಾಕಿದ್ದೀನಿ, ಅಣ್ಣ. ಹೇಳಬಹುದಿತ್ತು. "ಉಬ್ಬು ಬಂತು, ಬಾಯಿ ಮುಚ್ಚು" ಅಂದಿದ್ರೆ ನೀನು ಅಲ್ಲೇ ಇಳಿದು ಹೋಗ್ತಿದ್ದೆ. ಹುಡುಗೀನೂ ಇನ್ಯಾರದೋ ಕಾರಲ್ಲಿ ಹೋಗ್ತಿದ್ಲು.

ಹಳೇ ಮೆತ್ತನೆ ಸ್ಪ್ರಿಂಗ್ ಎಸೆದಿಲ್ಲ. ಮಂಚದ ಕೆಳಗಿದೆ. ಬೆಳಗ್ಗೆ ಅದನ್ನೇ ಹಾಕ್ತೀನಿ, ಆ ಪುಟದಲ್ಲಿ ಹೇಳಿದ ಹಾಗೇ. ನಾಡಿದ್ದು ನಾನೇ ಓಡಿಸಲಾ? ...ತಲೆ ಆಡಿಸಿದೆ. ಅದು ಹೌದಾ, ನೋವಾ? ಇನ್ನೊಂದು ಸಲ ಆಡಿಸು. ...ಹೌದು. ನೋಡಿದೆ ನಾನು, ಇನ್ನು ಮಾತು ತಿರುಗಿಸಬೇಡ.

ಹಾಗಾದ್ರೆ ಕೇಳಿಸ್ಕೋ. ಯಾವ ಮೂಲೆ ಎತ್ತಿದ್ರೂ ಬಾಗದ ಒಂದು ಕಾರು ಈಗ ನನ್ನದು. ಅದಕ್ಕೆ ಹೋದದ್ದು ನನ್ನ ಒಂದು ದವಡೆಹಲ್ಲು, ನಿನ್ನ ಅರ್ಧ ನಾಲಿಗೆ. ಇನ್ನು ನಾಲ್ಕು ದಿನ ನೀನು ಮಾತಾಡೋ ಹಾಗಿಲ್ಲವಲ್ಲ... ಅದನ್ನ ನಾನು ಖರ್ಚಿಗೆ ಸೇರಿಸಲ್ಲ.