ಪುರಸಭೆಯ ಕೊನೆಯ ಗಣತಿ

…ಅಲ್ಲ ಅತ್ತಿಗೆ, ಊರಿನ ಚರಿತ್ರೆ ಪುಸ್ತಕದಲ್ಲಿ ‘ಸುಮಾರು ಮೂರು ವರ್ಷ’ ಅಂತ ಬರೆದ್ರೆ ಸಾಕು ಅಂತಾನೆ ಆ ಅಚ್ಚಿನವನು! ಮೇಷ್ಟ್ರು ನಾನು, ಸುಮಾರು ಅಂತ ಬರೀಲಾ? ಮೂರು ವರ್ಷ ಎರಡು ತಿಂಗಳು ಬದುಕಿತ್ತು ನಮ್ಮ ಪುರಸಭೆ. ಹಾಗೇ ಬರೆದಿದ್ದೀನಿ. ಅಣ್ಣ ಇದ್ದಿದ್ರೆ ಅವನೇ ಓದಿ ಒಪ್ತಿದ್ದ. ಈಗ ನೀವು ಹೂಂ ಅಂದ್ರೆ ನಾಳೆ ಅಚ್ಚಿಗೆ.

ಕೇಳಿ. ಹನ್ನೊಂದು ಬೀದಿದೀಪ, ಒಂದು ನೀರಿನ ಗಾಡಿ, ಬಾಗಿಲಿಗಿಂತ ದೊಡ್ಡ ಬೋರ್ಡು… ಯಾಕೆ ನಗ್ತೀರಿ? ಹೌದು, ಕಚೇರಿ ಒಳಗೆ ಹೋಗ್ಲೇ ಇಲ್ಲ! ಬೋರ್ಡು ಒಳಗೆ ಬರದಿದ್ರೆ ಅಧ್ಯಕ್ಷನೇ ಹೊರಗೆ ಬರ್ತಾನೆ ಅಂತ ಅಣ್ಣ ಬೀದೀಲೇ ಕುರ್ಚಿ ಹಾಕಿದ. ಅದನ್ನೂ ಬರೆದಿದ್ದೀನಿ.

ಈಗ ಮುಖ್ಯವಾದದ್ದು. ಐದು ಸಾವಿರ ಜನ ಇದ್ರೆ ಪುರಸಭೆ ಉಳಿಯುತ್ತೆ, ಇಲ್ಲದಿದ್ರೆ ಪಕ್ಕದ ಪಟ್ಟಣಕ್ಕೆ ಸೇರಿಸ್ತೀವಿ, ಮತ್ತೆ ಎಣಿಸಿ ಅಂತ ಮೇಲಿನಿಂದ ಕಾಗದ ಬಂತು. ಆ ವರ್ಷ ತೀರಿಕೊಂಡವರ ಹೆಸರು ತೆಗೀಬೇಡಿ, ಅವರೂ ಊರಿನವರೇ ಅಂತ ಅಣ್ಣ ಮನೆಮನೆಗೂ ಹೋಗಿ ಕೈಮುಗಿದ. ಹದಿನೆಂಟು ಮನೆ ಒಪ್ಪಿದ್ವು, ಮನೆಗೊಂದು ಹೆಸರು. ಒಟ್ಟು ಐದು ಸಾವಿರದ ಒಂಬತ್ತು. ಪಟ್ಟಿ ಬರೆದವನು ನಾನು. ಪಟ್ಟಣಕ್ಕೆ ಒಯ್ದವನು ನಮ್ಮೂರ ದರ್ಜಿ. ಅಲ್ಲಿಗೆ ಮುಟ್ಟಿದ್ದು? ನಾಲ್ಕು ಸಾವಿರದ ಒಂಬೈನೂರ ತೊಂಬತ್ತೊಂದು!

ನಂಬಿ ಕೊಟ್ಟ ಕಟ್ಟು, ಅತ್ತಿಗೆ! ಉಂಡ ಮನೆಯ ಜಂತೆ ಎಣಿಸಿಬಿಟ್ಟ. ‘ದಾರಿಯಲ್ಲಿ ದರ್ಜಿ ಪಟ್ಟಿ ತಿದ್ದಿದನು.’ ಹೀಗೇ ಬರೆದಿದ್ದೀನಿ. ಆಮೇಲೆ ಊರಲ್ಲಿ ಯಾರೂ ಅವನಿಗೆ ಒಂದು ಗುಂಡಿ ಹಾಕೋಕೂ ಬಟ್ಟೆ ಕೊಡಲಿಲ್ಲ. ಹೊಲಿಗೆ ಯಂತ್ರ ಹೊತ್ಕೊಂಡು ಊರು ಬಿಟ್ಟು ಹೋದ. ಹೋಗ್ಲಿ!… ಹೂಂ ಅನ್ನಿ.

ಹೂಂ ಅನ್ನೋದು ಬಿಟ್ಟು ಏನು ಹುಡುಕ್ತಿದ್ದೀರಿ?… ಚೀಲದಲ್ಲಿ ಏನದು?

ಆ ಗಣತಿ ಪಟ್ಟಿನಾ? ಅಣ್ಣನ ಪೆಟ್ಟಿಗೆಯಲ್ಲಿತ್ತಾ? ಪಟ್ಟಣದವರು ಇದನ್ನ ವಾಪಸ್ ಕಳಿಸಿದ್ರಾ?… ಬೇಡ, ಆ ಪುಟ ತೆರೀಬೇಡಿ. ಹೆಸರಿನ ಮೇಲೆ ಗೀಟು ಯಾರು ಬೇಕಾದ್ರೂ ಎಳೀಬಹುದು, ಅತ್ತಿಗೆ. ಯಾರು ಬೇಕಾದ್ರೂ…

ಆ ರುಜುವಿನ ಮೇಲಿಂದ ಬೆರಳು ತೆಗೀರಿ.

ಸತ್ತ ಹದಿನೇಳು ಜನರನ್ನ ಪಟ್ಟಿಯಲ್ಲಿ ಬದುಕಿಸಿದೆ. ಕೊನೆಗೆ ನಮ್ಮ ಮನೆ. ನನ್ನವಳು ಹೋಗಿ ಇಪ್ಪತ್ತಾರು ದಿನ. ಹೆಸರು ಬರೆದೆ. ಪಕ್ಕದಲ್ಲಿ ವಯಸ್ಸು ಅಂತ ಅಂಕಣ… ಆ ವಾರವೇ ಅವಳಿಗೆ ನಲವತ್ತು ತುಂಬಬೇಕಿತ್ತು. ಮೂವತ್ತೊಂಬತ್ತು ಬರೀಲಾ? ನಲವತ್ತು ಬರೀಲಾ? ನೀವೇ ಹೇಳಿ! ಆ ಹೆಸರಿಗೇ ಗೀಟು ಹೊಡೆದು ಹಾಕಿದೆ. ಅವಳನ್ನೇ ಹೊಡೆದ ಮೇಲೆ ಊರವರ ಸತ್ತವರನ್ನ ಹೇಗೆ ಉಳಿಸ್ಲಿ? ಎಲ್ಲರನ್ನೂ ಹೊಡೆದೆ. ಮೊತ್ತ ತಿದ್ದಿದೆ. ತಿದ್ದಿದ ಕಡೆಯೆಲ್ಲ ರುಜು ಹಾಕಬೇಕು, ಅದು ನಿಯಮ… ಹಾಕಿದೆ. ಗಂಟು ಕಟ್ಟಿ ದರ್ಜಿ ಕೈಗೆ ಕೊಟ್ಟೆ.

ಅಂದ್ರೆ ಅಣ್ಣ ಇದನ್ನ ನೋಡಿದ್ದ…

ಪುರಸಭೆ ಹೋದ ಮೇಲೆ ಅವನು ನನ್ನ ಜೊತೆ ಒಂದು ದಿನವೂ ಊಟಕ್ಕೆ ಕೂರಲಿಲ್ಲ. ಹಲ್ಲುನೋವು ಅಂತಿದ್ರಿ ನೀವು. ಆರು ವರ್ಷ, ಅವನು ಹೋಗೋವರೆಗೂ, ಪ್ರತಿ ಸಲ… ಹಲ್ಲುನೋವು ಅಂತಲೇ ಹೇಳ್ತಿದ್ರಿ.

ಅತ್ತಿಗೆ?… ಹಲ್ಲುನೋವೇ ಅಲ್ವಾ?