ದಾರ ಕಟ್ಟಿದ ಪೊಟ್ಟಣ

ಅಲ್ಲ ಅತ್ತಿಗೆ, ಇದರಲ್ಲಿ ನಗೋದಕ್ಕೇನಿದೆ? ನಡೆದಿದ್ದನ್ನೇ ಹೇಳ್ತಿರೋದು ನಾನು. ಸತುವಿನ ಗೊಬ್ಬರದ ನೋಂದಣಿ ರಿನ್ಯೂವಲ್ಲು ಸ್ವಾಮಿ ಅಂದೆ. ಕೃಷಿ ಇಲಾಖೆ ಆಫೀಸಿನ ಗುಮಾಸ್ತ ಮೇಲಿಂದ ಕೆಳಗೆ ನೋಡಿ, ಸಗಣಿ ಗೊಬ್ಬರಾನಾ ಯೂರಿಯಾನಾ ಅಂತ ಕೇಳಿದ. ಎರಡೂ ಅಲ್ಲ, ವಿಶೇಷ ಗೊಬ್ಬರ ಅಂದೆ. ಏನು ಅಂಥಾ ವಿಶೇಷ ಅಂದ. ಏನ್ ಹೇಳ್ಲಿ? ಗಿಡಕ್ಕೆ ಹೋಳಿಗೆ ಊಟ ಇದ್ದಂಗೆ ಅಂದೆ. ಊಟ ಅಂದಿದ್ದೇ ತಡ, ಗಡಿಯಾರ ನೋಡ್ಕೊಂಡು ಎದ್ದು ಊಟಕ್ಕೇ ಹೋಗ್ಬಿಟ್ಟ ಮಾರಾಯ್ರೇ!

ಕಾಫಿ ಬೇಡ. ಕೂತ್ಕೊಳ್ಳಿ ನೀವು. ಭದ್ರಾವತಿಯಿಂದ ಬಸ್ಸಲ್ಲಿ ನಿಂತ್ಕೊಂಡೇ ಬಂದು, ಬಿಸಿಲಲ್ಲಿ ಈ ದುರ್ಗಿಗುಡಿ ತನಕ ನಡ್ಕೊಂಡು ಬಂದಿದೀನಿ. ಯಾಕೆ? ನಿಮ್ಮದೊಂದು ಸಹಿಗೆ. ಪೆನ್ನು ನಿಮ್ಮ ಕೈಲೇ ಇದೆ... ಕನ್ನಡಕಾನಾ? ಮೂಗಿನ ಮೇಲೇ ಇದೆಯಲ್ಲ. ಓ, ಓದಿ ಮಾಡ್ತೀರಾ. ಓದಿ, ಓದಿ. ಅಣ್ಣನೂ ಹಿಂಗೇ. ಮದುವೆ ಕಾಗದ ಕೊಟ್ರೂ ಕೆಳಗಿನ ಪ್ರೆಸ್ಸಿನ ಹೆಸರು ತನಕ ಓದೋನು.

ಈ ಗೊಬ್ಬರ ಏನು ಹೊಸದಾ ನಿಮಗೆ? ನವುಲೆ ಕೃಷಿ ಕಾಲೇಜಲ್ಲಿ ಪಾಠ ಮುಗಿಸ್ಕೊಂಡು ಬಂದು, ಇದೇ ಹಿತ್ತಲಲ್ಲಿ ಬಕೆಟ್ಟಿನಲ್ಲಿ ಕಲಸಿ ಕಲಸಿ ಅಣ್ಣ ಕಂಡುಹಿಡಿದ ಮಿಶ್ರಣ. ನಿಮ್ಮ ಸಾರಿನ ಸೌಟು ತಗೊಂಡೋಗಿ ಕಲಸಿದ್ದ ಅಂತ ನೀವು ಎಷ್ಟು ದಿನ ಮಾತು ಬಿಟ್ಟಿದ್ರಿ! ನೋಂದಣಿ ಆಗ ಷಣ್ಮುಖಪ್ಪ ಅಂತ ಅವನ ಹೆಸರಲ್ಲಿತ್ತು. ಅವನು ಹೋದ್ಮೇಲೆ ಜಗದಾಂಬಾ ಅಂತ ನಿಮ್ಮ ಹೆಸರಿಗೆ ಬಂತು. ಭದ್ರಾವತಿ ನ್ಯೂ ಟೌನಿನ ಆಚೆ ಗೊಬ್ಬರದ ಷೆಡ್ಡಲ್ಲಿ ಧೂಳು ಕುಡಿಯೋನು ನಿಮ್ಮ ಈ ಮೈದುನ ರೇಣುಕಾಪ್ರಸಾದ. ಮಾಲಕಿ ನೀವು. ನಾನು ಬರೀ ಮಿಷನ್ನಿನ ಹಿಡಿಕೆ ಇದ್ದಂಗೆ. ಹಿಡಿಕೆಗೆ ಸಹಿ ಹಾಕೋ ಹಕ್ಕಿಲ್ಲವಂತೆ, ಆಫೀಸಿನೋರು ಹೇಳಿದ್ರು.

ಯಾವ ಸಾಲು? ಎಲ್ಲಿ... ಹೂಂ, ಅದಾ. 'ಮೊದಲು ನೋಂದಾಯಿಸಿದ ಮಿಶ್ರಣದಲ್ಲಿ ಯಾವ ಬದಲಾವಣೆಯನ್ನೂ ಮಾಡಿರುವುದಿಲ್ಲ ಎಂದು ಪ್ರಮಾಣೀಕರಿಸುತ್ತೇನೆ.' ಅದು ಸುಮ್ನೆ ಶಾಸ್ತ್ರಕ್ಕೆ ಅತ್ತಿಗೆ. ಬಸ್ಸಲ್ಲಿ ಉಗುಳಬಾರದು ಅಂತ ಬರೆದಿರ್ತಾರಲ್ಲ, ಹಂಗೆ. ಬರೀದಿದ್ರೆ ಬಸ್ಸು ಹೊರಡೋದಿಲ್ಲ ಅಷ್ಟೆ.

ಆ ಪೊಟ್ಟಣಗಳಾ? ನೋಡಿ ನೋಡಿ, ಬಿಚ್ಚಬೇಡಿ. ಬಿಳೀ ಪ್ಲಾಸ್ಟಿಕ್ಕಿಂದು ಲ್ಯಾಬಿಗೆ ಹೋಗೋ ಸ್ಯಾಂಪಲ್ಲು. ಇನ್ನೊಂದು ಅಂಗಡಿಗೆ ಹೋಗೋ ಮಾಲು. ಹೊಸ ಪ್ಯಾಕಿಂಗು, ನಿಮಗೆ ತೋರಿಸೋಣ ಅಂತಲೇ ತಂದೆ. ಅಣ್ಣನ ಫೋಟೋ ಹಾಕ್ಸಿದೀನಿ, ಹೆಂಗಿದೆ? ಕಾಲೇಜಿನ ಗ್ರೂಪ್ ಫೋಟೋಲಿ ನಗ್ತಾ ನಿಂತಿದ್ನಲ್ಲ, ಅದರಿಂದ ತೆಗೆದಿದ್ದು. ಜೀವಮಾನದಲ್ಲಿ ಅವನು ನಕ್ಕಿದ್ದೇ ಅದೊಂದು ಸಲ, ಅದೂ ಫೋಟೋದೋನು ಎಡವಿ ಬಿದ್ದ ಅಂತ.

ಕೆಂಪು ದಾರಾನಾ? ವೀರಭದ್ರನ ಗುಡೀಲಿ ಪೂಜೆ ಮಾಡಿಸ್ಕೊಂಡು ಬಂದೆ. ಪರೀಕ್ಷೆಗೆ ಹೋಗೋ ಮಕ್ಕಳಿಗೆ ಕಟ್ಟಲ್ವಾ? ಇದೂ ಪರೀಕ್ಷೆಗೇ ಹೋಗ್ತಿರೋದು. ಇನ್ನೊಂದಕ್ಕೆ ಯಾಕೆ ಇಲ್ಲ ಅಂದ್ರೆ... ಅಯ್ಯೋ, ಚೀಲ ಚೀಲಕ್ಕೂ ದಾರ ಕಟ್ತಾ ಕೂತ್ರೆ ಗುಡಿ ಅಯ್ಯನೋರು ಷೆಡ್ಡಲ್ಲೇ ಬಿಡಾರ ಹೂಡ್ಬೇಕಾಗತ್ತೆ. ಒಳಗಿರೋದು ಎರಡರಲ್ಲೂ ಒಂದೇ.

ಒಂದೇ ಅಂದ್ನಲ್ಲ.

ಏನು? ಮಾರಪ್ಪ ಇಲ್ಲಿಗೂ ಬಂದಿದ್ನಾ? ಯಾವಾಗ? ಶಭಾಷ್! ಶುಂಠಿ ಎಲೆ ಸುಟ್ಟು ಹೋಯ್ತು ಅಂತ ಷೆಡ್ಡಿಗೆ ಬಂದು ಕೂಗಾಡಿದ್ದು ಸಾಲದು ಅಂತ ಇಲ್ಲಿಗೂ ಬಂದನಾ ಮಹಾನುಭಾವ. ನೀರು ಬಿಡೋಕೆ ಸೋಮಾರಿತನ, ಎಲೆ ಸುಡದೆ ಇನ್ನೇನಾಗತ್ತೆ? ಬೇಕಿದ್ರೆ ನಾಳೆ ಅವನ ಹೆಂಡ್ತಿ ಮಾಡಿದ ಸಾರು ಸೀದರೂ ತಪ್ಪು ನಮ್ಮ ಗೊಬ್ಬರದ ಮೇಲೇ ಹಾಕ್ತಾನೆ... ಏನಂದ? 'ಮೇಷ್ಟ್ರ ಮುಖ ನೋಡಿ ತಗೊಂಡೆ ಅಮ್ಮಾ' ಅಂದ್ನಾ.

ಹೂಂ. ಅಂದಿರ್ತಾನೆ. ಮಾತಿಗೇನು ಬರಗಾಲ ಅವನಿಗೆ.

ಸತುವಿನ ರೇಟು ಏರಿರೋದು ನಿಜ. ಪೇಪರಲ್ಲಿ ಅದನ್ನೂ ಓದ್ತೀರಾ ನೀವು? ಪ್ಯಾಕೆಟ್ಟಿನ ರೇಟು ಮಾತ್ರ ಹೆಂಗೆ ಏರಲಿಲ್ಲ ಅಂದ್ರೆ... ಅದಕ್ಕೆ ಮ್ಯಾನೇಜ್‌ಮೆಂಟು ಅಂತಾರೆ ಅತ್ತಿಗೆ. ಅಣ್ಣನಿಗೆ ಅದೊಂದು ಬರ್ತಿರಲಿಲ್ಲ. ಅವನಿಗೆ ಬರ್ತಿದ್ದಿದ್ದು ಸತು, ಬೋರಾನು, ಮತ್ತೆ ಯಾರು ಬಂದು ಕೇಳಿದ್ರೂ ಪುಕ್ಕಟೆ ಕೊಟ್ಟು ಕಳ್ಸೋದು. ಅವನು ಕೊಡ್ತಾ ಹೋದ, ನಾನು ಷೆಡ್ಡು ನಿಲ್ಲಿಸ್ಕೊಂಡು ಬಂದೆ. ಅದನ್ನ ಯಾರೂ ಮೇಷ್ಟ್ರ ತಮ್ಮನ ಮುಖ ನೋಡಿ ಹೇಳೋದಿಲ್ಲ ಬಿಡಿ.

ನಾಳೆ ಕೊನೇ ದಿನ. ಸಹಿ ಬೀಳ್ಲಿಲ್ಲ ಅಂದ್ರೆ ನೋಂದಣಿ ಹೋಯ್ತು, ಷೆಡ್ಡಿಗೆ ಬೀಗ. ನನಗೇನು, ಬಸ್ ಸ್ಟ್ಯಾಂಡಲ್ಲಿ ಕಡ್ಲೆಕಾಯಿ ಮಾರ್ಕೊಂಡಾದ್ರೂ ಬದುಕ್ತೀನಿ. ಅಣ್ಣನ ಹೆಸರು ಹೋಗತ್ತಲ್ಲ ಅಂತ ಸಂಕಟ ನನಗೆ. ಊರೂರು ತೋಟದಲ್ಲಿ ಇವತ್ತಿಗೂ ಷಣ್ಮುಖಪ್ಪ ಮೇಷ್ಟ್ರ ಗೊಬ್ಬರ ಅಂತಾರೆ. ಅದನ್ನ ಉಳಿಸೋಕೆ ತಾನೇ ಇಷ್ಟೆಲ್ಲ ಒದ್ದಾಟ?

ಎಲ್ಲಿಗೆ ಎದ್ರಿ? ಹಿತ್ತಲಿಗಾ? ಸಹಿ ಹಾಕಿ ಹೋಗಿ ಅತ್ತಿಗೆ... ಚೊಂಬು ಯಾಕೆ? ಓ, ಮಲ್ಲಿಗೆ ಗಿಡಕ್ಕಾ. ಗೊಬ್ಬರ ಹಾಕಿ ನೋಡ್ತೀರಾ. ಹಾಕಿ, ಹಾಕಿ. ನಾನೂ ಬರ್ತೀನಿ ತಡೀರಿ. ಅಣ್ಣ ನೆಟ್ಟಿದ್ದಲ್ವಾ ಇದು? ಎಷ್ಟು ಹಬ್ಬಿದೆ ನೋಡಿ, ಮೊಗ್ಗೇ ಮೊಗ್ಗು. ಒಂದು ಚಿಟಿಕೆ ಬುಡಕ್ಕೆ ಹಾಕಿ ನೀರು...

ಅದಲ್ಲ ಅತ್ತಿಗೆ.

ಆ ಫೋಟೋದ ಪೊಟ್ಟಣ ಅಲ್ಲ. ಅದನ್ನ ಬಿಚ್ಚಬೇಡಿ. ತಡೀರಿ, ಒಳಗಿಂದ ತರ್ತೀನಿ, ದಾರ ಕಟ್ಟಿರೋದು ಹಾಕಿ. ಲ್ಯಾಬಿಗೆ ಬೇಕಿದ್ರೆ ಅಣ್ಣ ಕಲಸಿಟ್ಟಿದ್ದ ಹಳೇ ಚೀಲದಲ್ಲಿ ಇನ್ನೂ ಸ್ವಲ್ಪ ಉಳಿದಿದೆ, ಅದರಿಂದ ತೆಕ್ಕೊಂಡ್ರಾಯ್ತು. ಅತ್ತಿಗೆ, ಕೈ ತೆಗೀರಿ! ಅಣ್ಣನ ಗಿಡ ಅದು, ಅದಕ್ಕೆ ಅದನ್ನ ಹಾಕ್ತಾರಾ ಯಾರಾದ್ರೂ...

ಏನು?

ಏನಂದೆ ನಾನೀಗ? ಏನೂ ಅನ್ಲಿಲ್ಲ. ಎರಡೂ ಒಂದೇ ಅಂತ ಆಗ್ಲೇ ಹೇಳಿದೀನಿ. ಈಗ್ಲೂ ಅದೇ... ಬೇಕಿದ್ರೆ...

ಅತ್ತಿಗೆ, ಬೈಯೋದಾದ್ರೆ ಬೈದ್ಬಿಡಿ. ಪೊಟ್ಟಣ ಯಾಕೆ ತಲೆಕೆಳಗೆ ಹಿಡಿದ್ರಿ?

ಚೆಲ್ಬಿಟ್ರಾ? ಕಲ್ಲಿನ ಮೇಲೆ? ಹೋಗ್ಲಿ ಬಿಡಿ. ಹೂವು ಕೊಯ್ಯೋ ಕತ್ತರಿ ಯಾಕೆ ತಗೊಂಡ್ರಿ ಈಗ? ಖಾಲಿ ಪ್ಯಾಕೆಟ್ಟಿಗೆ ಕತ್ತರಿ... ಅಯ್ಯೋ, ಅಣ್ಣನ ಮುಖ ಒಂದನ್ನೇ ಕತ್ತರಿಸಿ ಇಟ್ಕೊಳ್ತಿದೀರಲ್ಲ. ಬೇಡ ಅತ್ತಿಗೆ. ಷೆಡ್ಡು ತುಂಬ ಇದೇ ಮಾಲು ಇದೆ, ಪೂರ್ತಿ ಪ್ಯಾಕ್ ಆಗಿ ಕೂತಿದೆ. ಆ ಮುಖ ಇಲ್ದೆ ಹೋದ್ರೆ ಅದನ್ನ ಯಾರು ತಗೊಳ್ತಾರೆ?